ಅಳಿಯನ ಜಳಕಕ್ಕೆ ಹೋಟೆಲು ಹಿಡಿದ ಕಲ್ಲಣ್ಣ

ಬೆಟಗೇರಿಯ ನಮ್ಮ ಓಣಿಯಲ್ಲಿ ಬಚ್ಚಲಮನೆಗೆ ಪೂಜೆ ಮಾಡಿಸಿ ಮಂದಿಗೆ ಪೇಢೆ ಹಂಚಿದ ಗೃಹಸ್ಥ ಒಬ್ಬನೇ, ಕಲ್ಲಣ್ಣ. ಆ ಪೇಢೆಯನ್ನು ನಾನೂ ತಿಂದಿದ್ದೇನೆ. ರುಚಿಯಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ಖಾಸಿಂಸಾಬ. ಕಲ್ಲಣ್ಣನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನನ್ನದೊಂದು ಕ್ರೂಸರ್ ಗಾಡಿ ಇದೆ. ಮದುವೆ, ಆಸ್ಪತ್ರೆ, ಕೋರ್ಟು, ಮಣ್ಣು ಕೊಡುವುದು, ಏನಿದ್ದರೂ ಓಣಿಯವರು ಅದರಲ್ಲೇ ಹೋಗುತ್ತಾರೆ. ಹಾಗಾಗಿ ಊರಿನ ಖಬರೆಲ್ಲ ಹಿಂದಿನ ಸೀಟಿನಿಂದ ನನ್ನ ಕಿವಿಗೆ ತಾನಾಗಿ ಬಂದು ಬೀಳುತ್ತದೆ. ನಾನು ಕೇಳಬೇಕಾಗಿಯೇ ಇಲ್ಲ.

ಕಲ್ಲಣ್ಣನ ಅಪ್ಪ ಸೀರೆ ನೇಯುತ್ತಿದ್ದ. ಕಲ್ಲಣ್ಣ ಗದಗಿನ ಅಂಗಡಿಯೊಂದರ ಗಾದಿಯ ಮೇಲೆ ಕುಳಿತು ಬೇರೆಯವರು ನೇಯ್ದ ಸೀರೆಗಳನ್ನು ಬಿಚ್ಚಿ ತೋರಿಸುತ್ತಾನೆ. ಮನುಷ್ಯ ಕೆಟ್ಟವನಲ್ಲ. ಆದರೆ ಈ ಭೂಮಿಯ ಮೇಲೆ ತನಗೆ ಗೊತ್ತಿಲ್ಲದ್ದು ಏನಾದರೂ ಇದೆ ಎಂದು ಒಪ್ಪುವ ಪೈಕಿ ಅಲ್ಲ. ಯಾವ ಮಾತು ತೆಗೆದರೂ "ಗೊತ್ತೈತಿ ಬಿಡು" ಎಂದು ಕೈ ಬೀಸುತ್ತಾನೆ. ಒಮ್ಮೆ ಹುಲಕೋಟಿ ಹತ್ತಿರ ನನ್ನ ಗಾಡಿ ನಿಂತಾಗ ಹೀಗೆಯೇ ಕೈ ಬೀಸಿ ಬಾನೆಟ್ಟು ತೆರೆದ. ಆಮೇಲೆ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಬೇಕಾಯಿತು.

ಇಂಥವನ ಮಗಳು ಸೌಂದರ್ಯಾ ಮುಂಡರಗಿಯ ನಂದೀಶನನ್ನು ಮೆಚ್ಚಿ ಮದುವೆಯಾದಳು. ಕಾಲೇಜಿನಲ್ಲಿ ಕೂಡಿ ಓದಿದವರು. ನಂದೀಶನ ಅಪ್ಪ ಚನ್ನಬಸವಣ್ಣನಿಗೆ ಕಾಳಿನ ದೊಡ್ಡ ಅಡತಿ ಅಂಗಡಿ, ಅದಕ್ಕಿಂತ ದೊಡ್ಡ ಹೊಲ, ಎರಡಕ್ಕಿಂತಲೂ ದೊಡ್ಡ ಹೆಂಡತಿ, ಗದಿಗೆವ್ವ. ಒಬ್ಬನೇ ಮಗ ಹಟ ಹಿಡಿದ ಎಂದು ಒಪ್ಪಿದರು. ನಿಶ್ಚಯ ಕಲ್ಯಾಣ ಮಂಟಪದಲ್ಲಿ ಆಯಿತು, ಮದುವೆಯೂ ಅಲ್ಲೇ ಆಯಿತು. ಕಲ್ಲಣ್ಣನ ಮನೆಯ ಹೊಸ್ತಿಲನ್ನು ಬೀಗರು ಒಂದು ಸಲವೂ ದಾಟಲಿಲ್ಲ. ಮದುವೆಯ ದಿನ ಗದಿಗೆವ್ವ ಸಣ್ಣಗೆ ಒಂದು ಮಾತು ಬಿಟ್ಟಳು: "ನಿಮ್ಮ ಮನಿ ಬಚ್ಚಲಾ ಬಾಳ ಸಣ್ಣದಂತಲ್ರಿ. ನಮ್ಮ ನಂದೀಶಗ ಇಕ್ಕಟ್ಟಿನ್ಯಾಗ ಜಳಕಾ ಮಾಡಿ ರೂಢಿ ಇಲ್ಲ."

ಅಷ್ಟೇ ಸಾಕಾಯಿತು. ಕಲ್ಲಣ್ಣ ಬಚ್ಚಲು ಕೆಡವಿದ. ಅಡುಗೆಮನೆಯ ಅರ್ಧ ಜಾಗ ಕಿತ್ತು ಬಚ್ಚಲಿಗೆ ಸೇರಿಸಿದ. ನೀಲಿ ಟೈಲ್ಸು, ಗೀಜರು, ತಲೆಯ ಮೇಲೆ ಜರಡಿಯಷ್ಟಗಲದ ಷವರು. ಅನ್ನವ್ವ, ಅಂದರೆ ಅವನ ಹೆಂಡತಿ, ರೊಟ್ಟಿ ಬಡಿಯಲು ಮೂಲೆಯಲ್ಲಿ ಒಂದು ಕಾಲು ಮಡಚಿ ಕೂಡುವ ಹಾಗಾಯಿತು. ನಲ್ಲಿಗೆ ನೀರು ಬರುವುದೋ ನಮ್ಮ ಊರಿನಲ್ಲಿ ದೇವರು ನೆನಪಾದಾಗ. ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ಷವರು ನೋಡಿ, ನೀರಿಲ್ಲದ ಷವರಿಗೆ ಕೈ ಮುಗಿದು, ಪೇಢೆ ತಿಂದು ಹೋದರು.

ಇದೆಲ್ಲ ದೀಪಾವಳಿಗಾಗಿ. ಮದುವೆಯಾದ ಮೊದಲ ದೀಪಾವಳಿಗೆ ಮಗಳು ಅಳಿಯ ಬರಬೇಕು. ಅತ್ತೆ ಅಳಿಯನನ್ನು ಮಣೆಯ ಮೇಲೆ ಕೂಡಿಸಿ, ಎಣ್ಣೆ ಹಚ್ಚಿ, ಆರತಿ ಬೆಳಗಿ, ಬಿಸಿನೀರು ಎರೆಯಬೇಕು. ಕೇಳಿದ್ದು ಕೊಡುವವರೆಗೆ ಅಳಿಯ ಮಣೆ ಬಿಟ್ಟು ಏಳುವುದಿಲ್ಲ ಎಂದು ಮುನಿಸು ತೋರಿಸಬೇಕು. ಅನ್ನವ್ವನಿಗೆ ಅಳಿಯನಿಗಿಂತ ಮಗಳದೇ ಧ್ಯಾನ. "ಖಾಸಿಮಣ್ಣಾ, ಮದುವಿ ಆದಾಗಿಂದ ನನ್ನ ಮಗಳು ಒಂದ ರಾತ್ರಿ ನನ್ನ ಮನ್ಯಾಗ ಮಲಗಿಲ್ಲ ನೋಡು. ಬಂದ್ರ ಸಾಕಾಗೈತಿ. ತಲಿಗೆ ಕೈತುಂಬ ಎಣ್ಣಿ ಹಚ್ಚತೀನಿ," ಎನ್ನುತ್ತಿದ್ದಳು.

ಕರೆಯಲು ನಾನೂ ಕಲ್ಲಣ್ಣನೂ ಮುಂಡರಗಿಗೆ ಹೋದೆವು. ಪಡಸಾಲೆಯಲ್ಲಿ ಕೂಡಿಸಿದರು. ಅವರಿಗೆಲ್ಲ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು, ನಮ್ಮಿಬ್ಬರಿಗೆ ಕಾಗದದ ಕಪ್ಪಿನಲ್ಲಿ. ಕಲ್ಲಣ್ಣ ನನ್ನ ಕಿವಿಯಲ್ಲಿ, "ಎಷ್ಟ್ ಸ್ವಚ್ಛತಾ ನೋಡಲೇ! ಬಂದ ಮಂದಿಗೆ ಎಂಜಲಾ ಆಗಬಾರದಂತ ಹೊಸಾ ಕಪ್ಪು!" ಎಂದ. ನಾನು ಚಹಾ ಕುಡಿದೆ.

"ಬಚ್ಚಲಾ ಹೊಸಾದ್ ಕಟ್ಟಿಸೀರಂತ, ಖುಷಿ ಆತ್ರಿ," ಎಂದಳು ಗದಿಗೆವ್ವ. "ಆದರ ನಿಮ್ಮ ಓಣ್ಯಾಗ ನಮ್ಮ ಕಾರ್ ಹಿಡಿಯಂಗಿಲ್ಲಂತ?"

"ಈ ಖಾಸಿಂನ ಕ್ರೂಸರ್ ದಿನಾ ಬರತೈತ್ರಿ."

"ಕ್ರೂಸರ್ ಬ್ಯಾರೆ ಅಲ್ರಿ, ಕಾರ್ ಬ್ಯಾರೆ."

ಕ್ರೂಸರು ಕಾರಿಗಿಂತ ಅಗಲ ಇರುತ್ತದೆ ಎಂದು ಹೇಳಲು ನಾನು ಬಾಯಿ ತೆರೆದೆ. ಕಲ್ಲಣ್ಣ ಕಾಲು ತುಳಿದ.

"ಮತ್ತ ನೀರಿನ ತ್ರಾಸ ಐತಂತ. ಮತ್ತ ಸೊಳ್ಳಿ ಬಾಳಂತ." ಹೀಗೆ ಗದಿಗೆವ್ವ ಒಂದೊಂದನ್ನೇ ತೆಗೆದು ಮುಂದಿಟ್ಟಳು. ಆಕೆಯ ಮಗಳು ಶೀತಲ್ ಮೂಲೆಯಲ್ಲಿ ಫೋನು ತಿಕ್ಕುತ್ತ ಕುಳಿತಿದ್ದವಳು ತಲೆ ಎತ್ತದೆ, "ಈಗ ಯಾರು ಮನ್ಯಾಗ ಮಾಡತಾರವ್ವಾ? ದೊಡ್ಡ ದೊಡ್ಡ ಹೋಟೆಲಿನ್ಯಾಗ ಸ್ಪಾ ಇರತಾವ. ಅವರ ಎಣ್ಣಿ ಹಚ್ಚತಾರ, ಉಗಿ ಕೊಡತಾರ, ಎಲ್ಲಾ ಅವರದ," ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೌಂದರ್ಯಾ ಅಪ್ಪನ ಕಡೆ ನೋಡಿ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಖರ್ಚಿಗೆ ಅಂಜುತ್ತಿದ್ದಾಳೆ ಎಂದು ತಿಳಿದ ಕಲ್ಲಣ್ಣನಿಗೆ ಇನ್ನಷ್ಟು ಹುರುಪು ಬಂತು.

"ಗೊತ್ತೈತಿ, ಗೊತ್ತೈತಿ," ಎಂದ. "ಅದನ್ನ ಹೇಳಾಕ ಬಂದೀನ್ರಿ ಅಕ್ಕಾರ. ಹುಬ್ಬಳ್ಳ್ಯಾಗ ಸ್ಪಾ ಇದ್ದ ಹೋಟೆಲ್ ಹಿಡದೀನಿ. ಎಲ್ಲಾರೂ ಅಲ್ಲೇ ಬರ್ರಿ."

ಗದಿಗೆವ್ವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. "ಅಯ್ಯ! ಮೊದಲ ಹೇಳಬಾರದೇನ್ರಿ ಬೀಗರ!" ಎಂದು ಎದ್ದು ನಿಂತೇಬಿಟ್ಟಳು.

ವಾಪಸು ಬರುವಾಗ ನಾನು ತಡೆಯಲಾರದೆ ಹೇಳಿದೆ: "ಕಲ್ಲಣ್ಣಾ, ಇದು ಬಚ್ಚಲದ ಮಾತಲ್ಲ, ಕಾರಿನ ಮಾತಲ್ಲ. ಅವರಿಗೆ ನಿನ್ನ ಹೊಸ್ತಿಲಾ ದಾಟೂದು ಬ್ಯಾಡಾಗೈತಿ. ಮಗ್ಗದವರ ಮನ್ಯಾಗ ಉಂಡ್ರ ಅವರ ಮಂದಿ ನಗತಾರಂತ ಅಂಜಿಕಿ."

"ಗೊತ್ತೈತಿ ಬಿಡಲೇ. ದೊಡ್ಡ ಮಂದಿ ನೀಟ ಇರತಾರ. ಅದು ನಿನಗ ತಿಳಿಯಂಗಿಲ್ಲ."

ಹೊಸ್ತಿಲ ಹೊರಗೆ ನಿಂತು ಚಹಾ ಕುಡಿದ ಅನುಭವ ಅವನಿಗಿಂತ ನನಗೆ ಹೆಚ್ಚು. ಆದರೆ ಗೊತ್ತಿದ್ದವನಿಗೆ ಯಾರು ಹೇಳಬೇಕು? ಗಾಡಿಯ ಗೇರು ಬದಲಿಸಿದೆ.

ಸುದ್ದಿ ಓಣಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಎದುರು ಮನೆಯ ಮರಿಯವ್ವ ಕಟ್ಟೆಯ ಮೇಲೆ ಕೋರ್ಟು ಹೂಡಿದ್ದಳು. ಈ ಮುದುಕಿ ಇಲ್ಲದೆ ನಮ್ಮ ಓಣಿಯಲ್ಲಿ ಒಂದು ಆರತಿಯೂ ಎತ್ತುವುದಿಲ್ಲ.

"ಅಲ್ಲೋ ಕಲ್ಲಾ, ಅಳಿಯಗ ಎಣ್ಣಿ ಹಚ್ಚೂದು ಹೋಟೆಲದವರು ಅಂದ್ರ ಅತ್ತಿ ಯಾರೋ? ಮ್ಯಾನೇಜರನೇನು?"

"ಕೇರಳದ ಎಣ್ಣಿ ಯವ್ವಾ ಅದು. ಪದ್ಧತಿ ಪ್ರಕಾರ ಹಚ್ಚತಾರ."

"ಯಾರ ಪದ್ಧತಿ? ಹಚ್ಚಿದವರಿಗೆ ಅಳಿಯ ಕಾಲ ಬೀಳಬೇಕು. ಆ ಕೇರಳದಾಂವನ ಕಾಲ ಬೀಳತಾನೇನು ನಿನ್ನ ಅಳಿಯ?"

ಅನ್ನವ್ವ ಮಾತ್ರ, "ನನ್ನ ಮಗಳು ಬರತಾಳಲ್ಲ?" ಎಂದು ಒಂದೇ ಕೇಳಿದಳು. ಬರುತ್ತಾಳೆ ಎಂದ ಕಲ್ಲಣ್ಣ. ಎಲ್ಲಿಗೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹಿಡಿದಿದ್ದೇನೆ ಎಂದಿದ್ದನಲ್ಲ, ಇನ್ನು ನಿಜವಾಗಿ ಹಿಡಿಯಬೇಕಲ್ಲ. ಅಂಗಡಿಗೆ ರಜೆ ಹಾಕಿ ನನ್ನನ್ನು ಹುಬ್ಬಳ್ಳಿಗೆ ಎಳೆದುಕೊಂಡು ಹೋದ. ಮೊದಲನೆಯ ಹೋಟೆಲಿನ ಬಾಗಿಲಲ್ಲಿ ಸೆಕ್ಯೂರಿಟಿಯವನು ನಮ್ಮ ಚಪ್ಪಲಿ ನೋಡಿ, "ಡಿಲಿವರಿ ಹಿಂದಿನ ಗೇಟಿನ್ಯಾಗರಿ," ಎಂದ. ಎರಡನೆಯದು ಒಳಗೆ ಬಿಟ್ಟುಕೊಂಡಿತು. ಕೋಣೆ ತೋರಿಸಿದ ಹುಡುಗಿ ಪರದೆ ಎಳೆದಳು ನೋಡಿ, ಬಚ್ಚಲಿನ ಗೋಡೆ ಪೂರಾ ಗಾಜಿನದು! ಹಾಸಿಗೆಯ ಮೇಲೆ ಕುಳಿತರೆ ಷವರು ಕಾಣುತ್ತದೆ.

ಕಲ್ಲಣ್ಣ ಕಣ್ಣು ಮುಚ್ಚಿಕೊಂಡ. "ಅಳಿಯ ಜಳಕಾ ಮಾಡೂದನ್ನ ಅತ್ತಿ ಮಾವ ಸಾಲ ಹಿಡದ ಕುಂತ ನೋಡಬೇಕೇನವಾ?"

"ಇದು ಲಕ್ಸುರಿ ಸರ್."

"ನಮ್ಮಲ್ಲಿ ಇದಕ್ಕ ಬ್ಯಾರೆ ಹೆಸರೈತಿ," ಎಂದು ಹೊರಬಿದ್ದ.

ಮೂರನೆಯ ಹೋಟೆಲಿನ ಒಳಗೆ ಕಾಲಿಟ್ಟರೆ ಲಾವಂಚದ ವಾಸನೆ, ನೀರು ಹನಿಯುವ ಸಣ್ಣ ಸಪ್ಪಳ, ಎಲ್ಲರೂ ಪಿಸುಮಾತು. ಬಚ್ಚಲಿಗೆ ಗೋಡೆ ಇತ್ತು. ಮ್ಯಾನೇಜರು ಎರಡೂ ಕೈ ಮುಗಿದು, "ಬರ್ರಿ ಯಜಮಾನ್ರ," ಎಂದ. ಗಾದಿಯ ಮೇಲೆ ಕುಳಿತು ಜೀವನವೆಲ್ಲ ಗಿರಾಕಿಗಳಿಗೆ ಬರ್ರಿ ಎನ್ನುತ್ತ ಬಂದವನಿಗೆ ಮತ್ತೊಬ್ಬರು ಬರ್ರಿ ಎಂದರೆ ಮುಗಿಯಿತು. ಉಳಿದ ಮಾತು ಬರೀ ಲೆಕ್ಕಕ್ಕೆ.

"ನರಕ ಚತುರ್ದಶಿಗೆ ಸೂರ್ಯ ಏಳೂದ್ರೊಳಗ ಎಣ್ಣಿ ಬೀಳಬೇಕ್ರಿ."

"ನಮ್ಮ ಸ್ಪಾ ಹತ್ತಕ್ಕ ತೆಗೀತೀವ್ರಿ."

"ಹತ್ತಕ್ಕ? ಅಷ್ಟ್ರಾಗ ನರಕಾಸುರ ಸತ್ತು ಹೆಣಾ ಎತ್ತಿರತಾರಲ್ರಿ!"

"ಹಬ್ಬದ ಪ್ಯಾಕೇಜ್ ಮಾಡಿ ಕೊಡತೇವಿ ಯಜಮಾನ್ರ. ನಿಮಗ ಹೆಂಗ ಬೇಕೋ ಹಂಗ."

ಪೂರ್ವಕ್ಕೆ ಮುಖ ಬೇಕು, ಆರತಿಗೆ ಜಾಗ ಬೇಕು, ಅಳಿಯ ಮುನಿಸಿಕೊಂಡರೆ ಹೊತ್ತಾಯಿತೆಂದು ಎಬ್ಬಿಸಬಾರದು ಎಂದು ಕಲ್ಲಣ್ಣ ಒಂದೊಂದಾಗಿ ಹೇಳಿದ. ಮ್ಯಾನೇಜರು ಎಲ್ಲದಕ್ಕೂ ಕೈ ಮುಗಿದ, ಹತ್ತು ಗಂಟೆಯನ್ನು ಮಾತ್ರ ಬಿಡಲಿಲ್ಲ. ರೊಕ್ಕದ ಮಾತು ನಾನು ಇಲ್ಲಿ ತೆಗೆಯುವುದಿಲ್ಲ. ತೆಗೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಹಬ್ಬದ ದಿನ ನಮ್ಮ ಗಾಡಿ ಹೊರಟಿತು. ಕಲ್ಲಣ್ಣ, ಅನ್ನವ್ವ, ಮರಿಯವ್ವ. ಜೊತೆಗೆ ಮಣೆ, ಆರತಿ ತಟ್ಟೆ, ಬೆಚ್ಚಗೆ ಕಾಸಿದ ಕೊಬ್ಬರಿ ಎಣ್ಣೆ, ಕಡಲೆಹಿಟ್ಟು, ಅನ್ನವ್ವ ಒಂದು ಕಾಲು ಮಡಚಿ ಕುಳಿತು ಮಾಡಿದ ಶೇಂಗಾ ಹೋಳಿಗೆ, ಕರ್ಚಿಕಾಯಿ. ಹೋಗುವ ಮುಂಚೆ ಕಲ್ಲಣ್ಣ ಮುಂಡರಗಿಗೆ ಫೋನು ಹಚ್ಚಿದ. ಅವರೂ ಗದಗ ದಾಟಿಯೇ ಹುಬ್ಬಳ್ಳಿಗೆ ಬರಬೇಕು. ದಾರಿಯಲ್ಲಿ ಮನೆಗೆ ಬಂದು ಚಹಾ ಕುಡಿದು ಕೂಡಿಯೇ ಹೋಗೋಣ ಎಂದ. "ಹೊತ್ತಾಗತೈತ್ರಿ," ಎಂದಳು ಗದಿಗೆವ್ವ. ಆಗ ಇನ್ನೂ ಬೆಳಗಿನ ಏಳು ಗಂಟೆ.

ಹೋಟೆಲಿನ ಬಾಗಿಲಲ್ಲಿ ವಿಮಾನ ನಿಲ್ದಾಣದಲ್ಲಿ ಇರುವಂಥ ಯಂತ್ರ. ಮಣೆಯನ್ನು ಅದರೊಳಗೆ ತೂರಿಸಿದರು. ಪರದೆಯ ಮೇಲೆ ಏನು ಕಂಡಿತೋ, ಸೆಕ್ಯೂರಿಟಿಯವನು ಹೊರಳಿಸಿ ಹೊರಳಿಸಿ ನೋಡಿ, "ಇದ್ಯಾಕ್ರಿ?" ಎಂದ.

"ಕುಂಡ್ರಾಕ," ಎಂದಳು ಮರಿಯವ್ವ.

"ಒಳಗ ಸೋಫಾ ಅದಾವರಿ ಅವ್ವಾರ."

"ಸೋಫಾದ ಮ್ಯಾಲೆ ಕುಂಡ್ರಿಸಿ ಎಣ್ಣಿ ಹಚ್ಚಿಸ್ಕೊಂಡಿಯೇನೋ ನೀ, ನಿನ್ನ ಅತ್ತಿ ಕಡಿಂದ?"

ಅವನಿಗೆ ಮದುವೆಯಾಗಿರಲಿಲ್ಲ, ಮಣೆ ಒಳಗೆ ಹೋಯಿತು. ಆದರೆ ಹೋಳಿಗೆಯ ಡಬ್ಬಿ ಹೋಗಲಿಲ್ಲ. ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲವಂತೆ. ಅದನ್ನು ನನ್ನ ಗಾಡಿಯಲ್ಲೇ ಇಟ್ಟೆ.

ಬೀಗರು ಎರಡು ಕಾರಿನಲ್ಲಿ ಇಳಿದರು. ಬೆಟಗೇರಿಗೆ ಒಬ್ಬರೂ ಬರಲು ಒಲ್ಲೆ ಎಂದವರು ಇಲ್ಲಿಗೆ ಚಿಕ್ಕಪ್ಪ, ಸೋದರತ್ತೆ, ಬೀಗರ ಬೀಗರನ್ನೂ ಕರೆತಂದಿದ್ದರು. ಸೌಂದರ್ಯಾ ಇಳಿದವಳೇ ಅವ್ವನ ಕೈ ಹಿಡಿದು ನಿಂತಳು, ಬಿಡಲೇ ಇಲ್ಲ.

ಸ್ಪಾದ ಒಳಕೋಣೆಯಲ್ಲಿ ಎತ್ತರದ ಮಂಚ. "ಸರ್ ಇದ್ರ ಮೇಲೆ ಮಲಗ್ಬೇಕು," ಎಂದ ಎಣ್ಣೆ ಹಚ್ಚುವ ಹುಡುಗ. ಮರಿಯವ್ವ ಬಾಗಿಲಲ್ಲೇ ಗಲ್ಲಕ್ಕೆ ಕೈ ಹಚ್ಚಿದಳು. "ಮಲಗಿಸಿ ಹಚ್ಚತಾರ? ಹಸಗೂಸಿಗೆ ಹಚ್ಚಿದಂಗ!" ಕಲ್ಲಣ್ಣ, ಪದ್ಧತಿ ಬಿಡಬಾರದೆಂದು ಮಣೆಯನ್ನು ಮಂಚದ ಮೇಲೆ ಇರಿಸಲು ನೋಡಿದ. ಹುಡುಗ ಸೌಜನ್ಯದಿಂದ ಅದನ್ನು ಮಂಚದ ಕೆಳಗೆ ಇಟ್ಟು ಬಾಗಿಲು ಹಾಕಿದ. ಹೊರಗೆ 'ಮೌನವಾಗಿರಿ' ಎಂಬ ಬೋರ್ಡಿನ ಕೆಳಗೆ ನಿಂತು ಮರಿಯವ್ವ ದೊಡ್ಡ ಗಂಟಲಿನಲ್ಲಿ, "ಅಳಿಯಾರ, ಏಳಬ್ಯಾಡ್ರಿ! ಕೇಳೂದು ಕೇಳೇ ಏಳ್ರಿ!" ಎಂದು ಕೂಗಿದಳು. ಒಳಗಿನಿಂದ ಉತ್ತರ ಬಂತು, ಗೊರಕೆ.

ಸೌಂದರ್ಯಾಳ ಪಾಳಿ ಬಂದಾಗ ಕೌಂಟರಿನ ಹುಡುಗಿ ಕೇಳಿದಳು: "ಮೇಡಂ, ಪ್ರೆಗ್ನೆಂಟ್ ಇದೀರಾ? ಇದ್ರೆ ನಾವು ಮಸಾಜ್ ಮಾಡೋದಿಲ್ಲ."

ಸೌಂದರ್ಯಾ ಅವ್ವನ ಮುಖ ನೋಡಿ, ಆಮೇಲೆ ಹುಡುಗಿಗೆ, "ಹೂಂ," ಎಂದಳು.

ಬಸುರಿನ ಸುದ್ದಿ ಹಡೆದವ್ವನಿಗೆ ತಿಳಿದದ್ದು ಹೀಗೆ, ಸ್ಪಾದ ಕೌಂಟರಿನಲ್ಲಿ, ತಮ್ಮದಲ್ಲದ ಊರಿನಲ್ಲಿ. ಅನ್ನವ್ವ ಅತ್ತಳು, ನಕ್ಕಳು, ಮತ್ತೆ ಅತ್ತಳು. "ನನ್ನವ್ವಾ, ಮೊದಲನೇ ಬಾಣಂತನಾ ನಮ್ಮ ಮನ್ಯಾಗ. ಅದರಾಗ ಎರಡ ಮಾತಿಲ್ಲ. ಬಾ, ನಾನ ಹಚ್ಚತೀನಿ ಎಣ್ಣಿ, ಕುಂಡ್ರು ಇಲ್ಲೇ." ಸೌಂದರ್ಯಾ ಅಲ್ಲೇ ನೆಲಕ್ಕೆ ಕುಳಿತು ಜಡೆ ಬಿಚ್ಚಿದಳು. ಅನ್ನವ್ವ ಬೊಗಸೆಗೆ ಎಣ್ಣೆ ಸುರಿದುಕೊಂಡಳು.

"ಮೇಡಂ, ಪ್ಲೀಸ್! ಹೊರಗಿನ ಎಣ್ಣೆ ಹಚ್ಚೋಹಾಗಿಲ್ಲ. ಕಾರ್ಪೆಟ್ ಹಾಳಾಗತ್ತೆ."

ಅಷ್ಟರಲ್ಲಿ ಗದಿಗೆವ್ವ ಬಿಳಿ ನಿಲುವಂಗಿ ತೊಟ್ಟು, ಹಣೆಗೆ ಸೌತೆಕಾಯಿಯ ಬಿಲ್ಲೆ ಅಂಟಿಕೊಂಡಿದ್ದಂತೆಯೇ ಹೊರಗೆ ಬಂದಳು. "ಏಳ ಸೌಂದರ್ಯಾ. ಮಂದಿ ನೋಡಾಕತ್ತಾರ." ಸೌಂದರ್ಯಾ ಎದ್ದಳು. ಅನ್ನವ್ವ ಕೈಯಲ್ಲಿದ್ದ ಎಣ್ಣೆಯನ್ನು ಏನು ಮಾಡಬೇಕೆಂದು ತಿಳಿಯದೆ ತನ್ನ ತಲೆಗೇ ಒರೆಸಿಕೊಂಡಳು. ನನಗೆ ಆ ಹೊತ್ತಿಗೆ ಆ ಸೌತೆಕಾಯಿಯನ್ನು ಕಿತ್ತು ಎಸೆಯಬೇಕು ಅನ್ನಿಸಿತು.

ಊಟಕ್ಕೆ ಉದ್ದನೆಯ ಮೇಜು ತುಂಬ ತಿನಿಸು. ಬೀಗರು ಹೋಗಿ ಹೋಗಿ ಬಂದರು. ಗದಿಗೆವ್ವ ಜಾಮೂನು, ಕೇಕು, ಐಸ್‌ಕ್ರೀಮು ಮೂರನ್ನೂ ಮುಗಿಸಿದಳು. ಊಟ ಮುಗಿದ ಮೇಲೆ ಅನ್ನವ್ವ ಗಾಡಿಯಿಂದ ಡಬ್ಬಿ ತಂದು ಪೋರ್ಚಿನಲ್ಲಿ ನಿಂತವರ ಮುಂದೆ ಮುಚ್ಚಳ ತೆರೆದಳು.

"ನನಗ ಶುಗರ್ ಐತ್ರಿ," ಎಂದಳು ಗದಿಗೆವ್ವ.

ಉಳಿದವರಿಗೂ ಆ ಕ್ಷಣವೇ ಶುಗರು ಬಂತು. ನಂದೀಶ ಒಂದು ಹೋಳಿಗೆ ತೆಗೆದುಕೊಂಡ, ತಾಯಿ ನೋಡಿದಳು, ಕೈಯಲ್ಲೇ ಹಿಡಿದುಕೊಂಡು ನಿಂತ. "ಪಾಪ, ಅವರ ವಂಶದಾಗ ಐತಂತ ಕಾಣಸತೈತಿ," ಎಂದು ಕಲ್ಲಣ್ಣ ನನಗೆ ಮರುಗಿ ಹೇಳಿದ.

ಚನ್ನಬಸವಣ್ಣ ಹಲ್ಲು ಚುಚ್ಚಿಕೊಳ್ಳುತ್ತ ಕಲ್ಲಣ್ಣನ ಹೆಗಲ ಮೇಲೆ ಕೈ ಹಾಕಿದ. "ಮೆಚ್ಚಿದೆ ಕಲ್ಲಣ್ಣಾರ! ಹಿಂಗ ಮಾಡಿದ್ರ ನಿಮ್ಮ ಮನಿ ನಮ್ಮ ಮನಿ ಅನ್ನೂ ತಕರಾರ ಇಲ್ಲ. ಏಳನೇ ತಿಂಗಳದ ಕುಬಸಾನೂ ಇಲ್ಲೇ ಮಾಡಿಬಿಡ್ರಿ. ಹೆರಿಗಿ ಆದ ಮ್ಯಾಲೆ ದವಾಖಾನಿಯಿಂದ ಸೀದಾ ನಮ್ಮ ಮನಿಗೆ. ಕೂಸಿನ ತೊಟ್ಲಾ ಮತ್ತ ಇಲ್ಲೇ."

"ಆತ್ರಿ, ಆತ್ರಿ," ಎಂದ ಕಲ್ಲಣ್ಣ. ಇಷ್ಟು ದೊಡ್ಡ ಕೈ ಅವನ ಹೆಗಲ ಮೇಲೆ ಹಿಂದೆಂದೂ ಬಿದ್ದಿರಲಿಲ್ಲ. ಅನ್ನವ್ವ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದಳು. ಅವನಿಗೆ ತಿಳಿಯಲಿಲ್ಲ. "ಬೀಗರ, ಹೆಂಗೂ ಗದಗಿನ ಮ್ಯಾಲೆ ಹೊಂಟೀರಿ," ಎಂದ. "ಐದ ನಿಮಿಷ ಮನಿಗೆ ಬಂದು, ಬಚ್ಚಲಾ ನೋಡಿ ಹೋಗ್ರಲ್ಲ."

"ಇನ್ಯಾಕ್ರಿ ಅದು?" ಎಂದು ನಕ್ಕು ಚನ್ನಬಸವಣ್ಣ ಕಾರು ಹತ್ತಿದ. ಎಲ್ಲರೂ ಹತ್ತಿದರು.

ಸೌಂದರ್ಯಾ ಕಾರಿನ ಬಾಗಿಲು ಹಿಡಿದವಳು ಬಿಟ್ಟು ವಾಪಸು ಬಂದಳು. ಅಪ್ಪನ ಎದುರು ನಿಂತಳು.

"ಅಪ್ಪಾ, ಹಬ್ಬಕ್ಕ ಕರಿಯಾಕ ನೀ ಬಂದ ದಿನಾ ಮುಂಜಾನಿ ಏನಾಗಿತ್ತು ಗೊತ್ತೈತೇನು? ಎಷ್ಟ್ ದಿನದಿಂದ ನಾ ಅತ್ತಿ ಮನಿಯವರ ಕೂಡ ಜಗಳಾ ಮಾಡಿದ್ದೆ. ಉಪಾಸ ಬಿದ್ದಿದ್ದೆ. ಅವತ್ತ ಮುಂಜಾನಿ ಇವರು ಅವರವ್ವಗ ಹೇಳಿದ್ರು, ನಾ ಹಬ್ಬಕ್ಕ ಬೆಟಗೇರಿಗೆ ಹೋಗಾಂವ, ಅವರ ಮನ್ಯಾಗ ಉಣ್ಣಾಂವ, ನನ್ನ ಹೆಣ್ತಿ ಬಾಣಂತನಾನೂ ಅಲ್ಲೇ, ನೀ ಬಂದ್ರ ಬಾ ಬಿಟ್ರ ಬಿಡು ಅಂತ. ಮಾವಾರೂ ಹೂಂ ಅಂದಿದ್ರು. ನಮ್ಮತ್ತಿಗೆ ಬ್ಯಾರೆ ದಾರೀನ ಇರಲಿಲ್ಲ. ನೀ ಬಂದು ದಾರಿ ತೋರಿಸಿದಿ."

ಕಲ್ಲಣ್ಣ ಬೀಸಲೆಂದು ಎತ್ತಿದ ಕೈಯನ್ನು ಅರ್ಧಕ್ಕೇ ಹಿಂದೆಳೆದುಕೊಂಡ.

"ನೀ ಹೋದ ಮ್ಯಾಲೆ ನಮ್ಮತ್ತಿ ಶಿರಾ ಮಾಡಿ ಎಲ್ಲಾರಿಗೂ ಬಡಿಸಿದ್ರು," ಎಂದಳು ಸೌಂದರ್ಯಾ. "ನನಗೂ ಬಡಿಸಿದ್ರು ಅಪ್ಪಾ. ನಾ ತಿಂದೆ."

ಕಾರಿನಿಂದ ಹಾರ್ನು ಕೇಳಿತು. ಅವಳು ಅವ್ವನ ಕೆನ್ನೆ ಮುಟ್ಟಿ ಹೋಗಿ ಹತ್ತಿದಳು. ಎರಡೂ ಕಾರು ಗೇಟು ದಾಟಿದವು.

ಮ್ಯಾನೇಜರು ಎಲ್ಲಿದ್ದನೋ, ಕೈ ಮುಗಿದುಕೊಂಡೇ ಬಂದ. "ಯಜಮಾನ್ರ, ಎಲ್ಲಾ ನಿಮ್ಮ ಮನಸಿಗೆ ಬಂದಂಗ ಆತಿಲ್ರಿ?"

"ಎಲ್ಲಾ ಛಲೋ ಆತ್ರಿ," ಎಂದ ಕಲ್ಲಣ್ಣ. ಅವನೂ ಕೈ ಮುಗಿದ. ಇಳಿಸುವುದನ್ನೇ ಮರೆತು ಹಾಗೆಯೇ ನಿಂತ.

ಅನ್ನವ್ವ ಡಬ್ಬಿಯ ಮುಚ್ಚಳ ಹಾಕಿ ಗಾಡಿ ಹತ್ತಿ ಕುಳಿತಳು.

"ಖಾಸಿಮಣ್ಣಾ, ಜಲ್ದಿ ತಗಿ ಗಾಡಿ. ಹೊತ್ತು ಮುಳುಗೂದ್ರೊಳಗ ಹೋಗಿ ದೀಪಾ ಹಚ್ಚಬೇಕು," ಎಂದಳು. "ಯಾರು ಬರಲಿ, ಬಿಡಲಿ, ನಮಗೂ ಒಂದು ಮನಿ ಅಂತ ಐತಿ."